ಶೆಟ್ರ ಕಾರಿನ ಮೀಟರು

ನಮಸ್ಕಾರ. ಎಲೆಕ್ಟ್ರಿಕ್ ಕಾರೋ ಪೆಟ್ರೋಲ್ ಕಾರೋ ಎಂಬ ಮಾತಿಗೆ ಹೊರಟಿದ್ದೇನೆ, ಆದರೆ ಶುರು ಒಂದು ಹಳೆ ಟ್ಯಾಕ್ಸಿಯಿಂದ.

2003ರ ಅಕ್ಟೋಬರ್ 29ರಂದು ಮುಂಬಯಿಯ ತಾರ್‌ದೇವ್ ಆರ್‌ಟಿಒದಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕಾರು ಕಾಳಿ-ಪೀಲಿ, ಅಂದರೆ ಕಪ್ಪು-ಹಳದಿ, ಟ್ಯಾಕ್ಸಿಯಾಗಿ ನೋಂದಣಿಯಾಯಿತು. ಅದೇ ಕೊನೆಯದು. ಈ ಊರಲ್ಲಿ ಟ್ಯಾಕ್ಸಿಗೆ 20 ವರ್ಷ ಆಯುಷ್ಯ. ಹಾಗಾಗಿ 2023ರ ಅಕ್ಟೋಬರ್ 30ರಿಂದ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ರಸ್ತೆಯಿಂದ ಇಳಿಯಿತು. ಆ ವಾರ ಪತ್ರಿಕೆಗಳೆಲ್ಲ ಕಣ್ಣೀರು ಹಾಕಿದವು. ನನಗೆ ಮಾತ್ರ ಒಳಗೊಳಗೇ ನಗು. ಯಾಕೆಂದರೆ ಆ ಗಾಡಿಯ ಹೊಟ್ಟೆಯೊಳಗೆ ಏನೇನಿತ್ತು ಎಂದು ನನಗೆ ಗೊತ್ತು. ಮೂವತ್ತೊಂದು ವರ್ಷ ನಾನು ವಾಹನ ವಿಮೆಯ ಸರ್ವೇಯರ್ ಆಗಿದ್ದವನು. ಡಿಕ್ಕಿ ಹೊಡೆದ, ಮುಳುಗಿದ, ಸುಟ್ಟ ಕಾರುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಇದಕ್ಕೆಷ್ಟು ಕೊಡಬಹುದು ಎಂದು ಬರೆಯುವುದೇ ಹೊಟ್ಟೆಪಾಡು.

ಪದ್ಮಿನಿ ವಾರಕ್ಕೊಮ್ಮೆ ಕೆಡುತ್ತಿತ್ತು. ಕ್ಲಚ್ ಕೇಬಲ್ ತುಂಡಾಗುತ್ತಿತ್ತು, ರೇಡಿಯೇಟರ್ ಕುದಿಯುತ್ತಿತ್ತು. ಆದರೂ ಅದನ್ನು ಜನ ನಂಬಿದ್ದರು. ಅದು ತಯಾರಾಗಿದ್ದೇ ಕುರ್ಲಾದಲ್ಲಿ. ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಅದರ ಒಂದೊಂದು ನಟ್ಟೂ ತೂಕಕ್ಕೆ ಸಿಗುತ್ತಿತ್ತು. ಗ್ಯಾರೇಜಿನ ಉಸ್ತಾದ್ ಆಯಿಲ್ ಕಡ್ಡಿ ಎಳೆದು, ತುದಿಯನ್ನು ಬೆರಳಲ್ಲಿ ಉಜ್ಜಿ, ಬಿಳಿ ನೊರೆ ಕಂಡರೆ "ಗ್ಯಾಸ್ಕೆಟ್ ಗಯಾ", ಎಂಜಿನ್ನಿನ ಸಂದಿ ಮುಚ್ಚುವ ಪಟ್ಟಿ ಹೋಯಿತು, ಎನ್ನುತ್ತಿದ್ದ. ಸಂಜೆಗೆ ಗಾಡಿ ಸಿದ್ಧ. ನಮ್ಮ ಜನ ಇಷ್ಟು ವರ್ಷ ನಂಬಿದ್ದು ಕಾರನ್ನೋ ಆ ಬೆರಳನ್ನೋ ಎಂಬ ಸಂಶಯ ನನಗೆ ಈಗಲೂ ಇದೆ.

ಈ ಹಳೆ ಕತೆ ಯಾಕೆ ತೆಗೆದೆನೆಂದರೆ, ಡೊಂಬಿವಲಿಯಲ್ಲಿ ನಮ್ಮ ಕಟ್ಟಡದ ಮೂರನೇ ಮಹಡಿಯ ಶೆಟ್ರು ಕಳೆದ ತಿಂಗಳು ಬಾಗಿಲು ತಟ್ಟಿದರು. ಘಾಟ್‌ಕೋಪರಿನಲ್ಲಿ ಅವರ ಹೋಟೆಲು. "ಭಟ್ರೇ, ಮಗ ಎಲೆಕ್ಟ್ರಿಕ್ ಕಾರೇ ತೆಗೆಯಬೇಕು ಅಂತ ಹಟ ಹಿಡಿದಿದ್ದಾನೆ. ಹತ್ತು ವರ್ಷ ಬಾಳಿಕೆ ಬರ್ತದಾ? ಆಮೇಲೆ ಮಾರಿದರೆ ಏನಾದ್ರೂ ಹುಟ್ತದಾ?" ಎಂದರು.

ಒಂದೇ ಉಸಿರಲ್ಲಿ ಕೇಳಿದರೂ ಅವು ಎರಡು ಪ್ರಶ್ನೆಗಳು. ಬಾಳಿಕೆಗೆ ಒಂದು ಉತ್ತರ, ಮಾರಾಟಕ್ಕೆ ಇನ್ನೊಂದು. ಎರಡೂ ಒಂದೇ ದಿಕ್ಕಿಗೆ ಹೋಗುವುದಿಲ್ಲ ಎನ್ನುವುದೇ ಇಲ್ಲಿನ ತಂಟೆ.

ಬಾಳಿಕೆ ಮೊದಲು. ಪೆಟ್ರೋಲ್ ಎಂಜಿನ್ ಎಂದರೆ ಒಳಗೆ ನಿಮಿಷಕ್ಕೆ ಸಾವಿರಾರು ಸಲ ಬೆಂಕಿ. ಪಿಸ್ಟನ್, ವಾಲ್ವ್, ಟೈಮಿಂಗ್ ಚೈನ್, ಆಯಿಲ್ ಪಂಪ್, ವಾಟರ್ ಪಂಪ್, ಆಮೇಲೆ ಕ್ಲಚ್ಚು, ಗೇರ್ ಪೆಟ್ಟಿಗೆ, ಸೈಲೆನ್ಸರ್. ನೂರಾರು ತುಂಡುಗಳು ಒಂದನ್ನೊಂದು ಉಜ್ಜುತ್ತಾ, ಬಡಿಯುತ್ತಾ ಇರುತ್ತವೆ. ಎಲೆಕ್ಟ್ರಿಕ್ ಮೋಟರಿನಲ್ಲಿ ತಿರುಗುವುದು ರೋಟರ್ ಒಂದೇ. ಆಯಿಲ್ ಬದಲಿಸುವುದಿಲ್ಲ, ಕ್ಲಚ್ ಸುಡುವುದಿಲ್ಲ. ಖಂಡಾಲಾ ಘಾಟಿಯಲ್ಲಿ ಭಾನುವಾರ ಸಂಜೆ ಸಿಕ್ಕಿಹಾಕಿಕೊಂಡವರಿಗೆ ಸುಟ್ಟ ಕ್ಲಚ್ಚಿನ ವಾಸನೆ ಗೊತ್ತಿರುತ್ತದೆ. ನನ್ನ ಅಕ್ಕನ ಮಗ ಪಿಂಪ್ರಿಯಲ್ಲಿದ್ದಾನೆ, ಚಾಕಣದಲ್ಲಿ ಕೆಲಸ. 2021ರಲ್ಲಿ ಎಲೆಕ್ಟ್ರಿಕ್ ಕಾರು ಕೊಂಡ. ಅವನ ಜೊತೆ ಅದೇ ಘಾಟಿ ಇಳಿಯುವಾಗ ನಾನು ಮೀಟರನ್ನೇ ನೋಡುತ್ತಾ ಕೂತಿದ್ದೆ. ಘಾಟಿಯ ಮೇಲಿನ ಲೋಣಾವಳದಲ್ಲಿ ಬ್ಯಾಟರಿ 61 ಪರ್ಸೆಂಟ್ ಇತ್ತು, ಬುಡದ ಖೋಪೋಲಿಯಲ್ಲಿ 64. ಇಳಿಜಾರಿನಲ್ಲಿ ಮೋಟರು ಜನರೇಟರ್ ಆಗಿ ಕರೆಂಟನ್ನು ವಾಪಸು ತುಂಬುತ್ತದೆಂದು ಓದಿ ಗೊತ್ತಿತ್ತು. ಆದರೂ ಅಂಕಿ ಮೇಲೇರುವುದನ್ನು ಕಣ್ಣಾರೆ ಕಂಡಾಗ ನನಗೆ ಹುಡುಗುತನದ ಖುಷಿಯಾಯಿತು.

ಮಳೆಗಾಲದ ಭಯ ಎಲ್ಲರಿಗೂ ಇದೆ. ಕರೆಂಟಿನ ಗಾಡಿ, ನೀರಿನಲ್ಲಿ ಏನಾಗುತ್ತದೋ ಎಂದು. 2005ರ ಜುಲೈ 26 ನಿಮಗೂ ನೆನಪಿರಬಹುದು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಅದಾಗಿ ಎರಡು ತಿಂಗಳು ನಾನು ಮನೆಗೆ ಮಲಗುವುದಕ್ಕೆ ಮಾತ್ರ ಬರುತ್ತಿದ್ದೆ. ಕಲೀನಾ, ಕುರ್ಲಾಗಳಲ್ಲಿ ಸಾಲುಸಾಲಾಗಿ ನಿಂತ ಕಾರುಗಳ ಬಾಗಿಲು ತೆರೆದರೆ ಸೀಟಿನ ಮೇಲೆ ಕೆಸರು, ಕೆಸರಿನೊಳಗೆ ಯಾರದೋ ಟಿಫಿನ್ ಡಬ್ಬಿ. ಅವುಗಳಲ್ಲಿ ಎಷ್ಟೋ ಎಂಜಿನ್‌ಗಳು ಮುಳುಗಿದ್ದರಿಂದ ಸತ್ತವಲ್ಲ. ನೀರಿಳಿದ ಮೇಲೆ ಯಜಮಾನರು ಆಸೆಯಿಂದ ಕೀಲಿ ತಿರುಗಿಸಿದ್ದರಿಂದ ಸತ್ತವು. ಸಿಲಿಂಡರಿಗೆ ನೀರು ಹೊಕ್ಕಿರುತ್ತದೆ, ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೆ ಮಾಮೂಲು ಪಾಲಿಸಿಯಲ್ಲಿ ಹಣವಿಲ್ಲ. ಇಲ್ಲವೆಂದು ಬರೆದ ಕೈ ಇದೇ. ಎಲೆಕ್ಟ್ರಿಕ್ ಕಾರಿನಲ್ಲಿ ಗಾಳಿ ಎಳೆಯುವ ಬಾಯೇ ಇಲ್ಲ. ಬ್ಯಾಟರಿ ಪೆಟ್ಟಿಗೆಗೆ ಸಾಮಾನ್ಯವಾಗಿ ಐಪಿ67 ದರ್ಜೆ ಇರುತ್ತದೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಹಾಗೆಂದು ಮಳೆಗೆ ತುಂಬಿಕೊಳ್ಳುವ ಮಿಲನ್ ಸಬ್‌ವೇಗೆ ನುಗ್ಗಿಸಬೇಡಿ. ಅರ್ಧ ಗಂಟೆ ಎಂದರೆ ಅರ್ಧ ಗಂಟೆಯೇ, ಇಡೀ ರಾತ್ರಿಯಲ್ಲ.

ಹಾಗಾದರೆ ಕೆಡುವುದೇ ಇಲ್ಲವೇ? ಕೆಡುತ್ತದೆ, ತಮಾಷೆಯಾಗಿ ಕೆಡುತ್ತದೆ. ಪಿಂಪ್ರಿಯ ಅದೇ ಅಳಿಯ ಒಂದು ಬೆಳಗ್ಗೆ ಫೋನ್ ಮಾಡಿದ. "ಮಾವ, ಗಾಡಿ ಕಲ್ಲಾಗಿದೆ. ಬಾಗಿಲೂ ತೆರೀತಿಲ್ಲ. ನಿನ್ನೆ ರಾತ್ರಿ 70 ಪರ್ಸೆಂಟ್ ಚಾರ್ಜ್ ಇತ್ತು." ಸತ್ತದ್ದು ದೊಡ್ಡ ಬ್ಯಾಟರಿಯಲ್ಲ. ಬಾನೆಟ್ಟಿನ ಕೆಳಗೆ, ಪೆಟ್ರೋಲ್ ಕಾರಿನಲ್ಲಿರುವಂಥದ್ದೇ ಒಂದು 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ದೊಡ್ಡದನ್ನು ಎಬ್ಬಿಸುವ ರಿಲೇಗೆ, ಕಂಪ್ಯೂಟರಿಗೆ, ಬಾಗಿಲಿನ ಬೀಗಕ್ಕೆ ಅದೇ ಕರೆಂಟು. ಕೋಣೆ ತುಂಬ ಅಕ್ಕಿ ಇದ್ದು ಬೀಗದ ಕೈ ಕಳೆದುಹೋದ ಹಾಗೆ. ಇನ್ನೊಂದು, ಗಾಡಿ ಭಾರ ಜಾಸ್ತಿ, ಎಳೆತ ಜಾಸ್ತಿ, ಟಯರ್ ಬೇಗ ಸವೆಯುತ್ತದೆ. ವೇಗ ತಗ್ಗಿಸುವ ಕೆಲಸ ಬಹುಪಾಲು ಮೋಟರಿನದೇ ಆದ್ದರಿಂದ ಬ್ರೇಕ್ ಪ್ಯಾಡ್ ಮಾತ್ರ ಸವೆಯುವುದು ತೀರಾ ಕಡಿಮೆ. ಎಷ್ಟರಮಟ್ಟಿಗೆ ಎಂದರೆ, ಸಮುದ್ರದ ಗಾಳಿಗೆ ಬಳಸದ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ.

ಒಟ್ಟಿನಲ್ಲಿ ಬಾಳಿಕೆಯಲ್ಲಿ ನನ್ನ ಓಟು ಕರೆಂಟಿಗೆ. ಬೆಲೆಯ ಮಾತು ಬಂದಾಗ ಮಾತ್ರ ಸರ್ವೇಯರನ ಹುಬ್ಬು ಗಂಟಿಕ್ಕುತ್ತದೆ.

ವಿಮೆಯವರಲ್ಲಿ ಹಳೆಯ ಒಂದು ಕೋಷ್ಟಕವಿದೆ. ಕಾರಿಗೆ ಆರು ತಿಂಗಳಾದರೆ ಬೆಲೆಯಲ್ಲಿ 5 ಪರ್ಸೆಂಟ್ ಕಳೆ, ವರ್ಷವಾದರೆ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಉಳಿದದ್ದಕ್ಕೆ ಐಡಿವಿ ಎನ್ನುತ್ತಾರೆ, ಅಂದರೆ ವಿಮೆಯವರು ಒಪ್ಪುವ ಕಾರಿನ ಬೆಲೆ. ಈ ಕೋಷ್ಟಕಕ್ಕೆ ಎಂಜಿನ್ನೂ ಗೊತ್ತಿಲ್ಲ, ಬ್ಯಾಟರಿಯೂ ಗೊತ್ತಿಲ್ಲ. ಜೊತೆಗೆ ಇನ್ನೊಂದು ನಿಯಮ: ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದರೆ ಗಾಡಿ ಟೋಟಲ್ ಲಾಸ್, ಪೂರ್ತಿ ನಷ್ಟ. ಈಗ ಲೆಕ್ಕ ಹಾಕಿ. 15 ಲಕ್ಷದ ಕಾರು, ಐದನೇ ವರ್ಷದಲ್ಲಿ ಏಳೂವರೆ ಲಕ್ಷ. ಅದರ 75 ಪರ್ಸೆಂಟ್ ಎಂದರೆ ಐದು ಲಕ್ಷ ಅರವತ್ತು ಸಾವಿರದ ಸುಮಾರು. ಹೊಂಡದ ಕಲ್ಲೊಂದು ಅಡಿಯ ಬ್ಯಾಟರಿ ಪೆಟ್ಟಿಗೆಗೆ ತಾಗಿ, ವರ್ಕ್‌ಶಾಪಿನವರು ಪೆಟ್ಟಿಗೆ ಬದಲಿಸಲು ಆರು ಲಕ್ಷದ ಚೀಟಿ ಕೊಟ್ಟರೆ, ಬಾಗಿಲು, ಗಾಜು, ಮೋಟರು ಎಲ್ಲ ಹೊಸದರಂತಿದ್ದರೂ ಕಾಗದದಲ್ಲಿ ಕಾರು ಮುಗಿಯಿತು. ಪೆಟ್ರೋಲ್ ಕಾರು ಹೀಗೆ ಒಂದೇ ಏಟಿಗೆ ಹೋಗುವುದು ಅಪರೂಪ. ಅದು ತುಂಡುತುಂಡಾಗಿ ಸಾಯುತ್ತದೆ, ನಮ್ಮ ಜೇಬಿಗೂ ತುಂಡುತುಂಡಾಗಿಯೇ ಕತ್ತರಿ. ಇನ್ನು ಮಾಮೂಲು ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ಕು, ಟಯರುಗಳ ಜೊತೆ ಒಂದೇ ಸಾಲಿನಲ್ಲಿ 'ಬ್ಯಾಟರಿ' ಎಂಬ ಶಬ್ದವೂ ಕೂತಿರುತ್ತದೆ, 50 ಪರ್ಸೆಂಟ್ ಕಡಿತದೊಂದಿಗೆ. ಅದನ್ನು ಬರೆದವರ ಮನಸ್ಸಿನಲ್ಲಿದ್ದದ್ದು ಆ 12 ವೋಲ್ಟಿನ ಡಬ್ಬಿ. ಎಲೆಕ್ಟ್ರಿಕ್ ಕಾರು ಕೊಳ್ಳುವವರು ದೊಡ್ಡ ಬ್ಯಾಟರಿಗೆ ಏನು ಕರಾರೆಂದು ಬರವಣಿಗೆಯಲ್ಲೇ ಕೇಳಿ. ಆ್ಯಡ್-ಆನ್ ಎಂಬ ಹೆಚ್ಚುವರಿ ವಿಮೆಗೆ ನಾಲ್ಕು ಕಾಸು ಹೋದರೂ ಹೋಗಲಿ.

ಕಲ್ಯಾಣದ ಹತ್ತಿರ ಹಳೆ ಕಾರು ಮಾರುವ ಒಬ್ಬರ ಅಂಗಳಕ್ಕೆ ಹೋಗಿದ್ದೆ. ನಾಲ್ಕು ವರ್ಷದ ಎಲೆಕ್ಟ್ರಿಕ್ ಕಾರೊಂದು ನಿಂತಿತ್ತು. ಮನುಷ್ಯ ಮೂವತ್ತು ವರ್ಷದ ಅನುಭವಿ. ಅಭ್ಯಾಸಬಲದಿಂದ ಬಾನೆಟ್ ಎತ್ತಿದ, ಕಿವಿಗೊಟ್ಟ. ಕೇಳಿಸಲು ಏನೂ ಇಲ್ಲ. ಹಿಂದೆ ಹೋಗಿ ಬಗ್ಗಿದ. ಸೈಲೆನ್ಸರೂ ಇಲ್ಲ, ಬೆರಳು ಹಾಕಿ ಮಸಿ ನೋಡುವ ಹಾಗೂ ಇಲ್ಲ. ಕೊನೆಗೆ ಟಯರಿಗೊಂದು ಒದ್ದು, "ಸಾಹೇಬ್, ಇದರ ನಾಡಿಯೇ ಸಿಗುವುದಿಲ್ಲ" ಎಂದು ಹಿಂದಿಯಲ್ಲಿ ಗೊಣಗಿದ. ನಾಡಿ ಸಿಗದಿದ್ದರೆ ವ್ಯಾಪಾರಿ ಏನು ಮಾಡುತ್ತಾನೆ? ಅತಿ ಕೆಟ್ಟದ್ದನ್ನು ಊಹಿಸಿಕೊಂಡು ಅದಕ್ಕೆ ತಕ್ಕ ಬೆಲೆ ಹೇಳುತ್ತಾನೆ. ನಾಡಿ ಇದೆ, ಸ್ಟೇಟ್ ಆಫ್ ಹೆಲ್ತ್ ಎಂಬ ಅಂಕಿ, ಬ್ಯಾಟರಿಯ ಹೊಸತಿನ ಶಕ್ತಿಯಲ್ಲಿ ಎಷ್ಟು ಉಳಿದಿದೆ ಎಂಬ ಲೆಕ್ಕ, ಕಂಪ್ಯೂಟರ್ ಜೋಡಿಸಿ ಓದಬೇಕು. ಅಳಿಯನ ಗಾಡಿ 92,000 ಕಿಲೋಮೀಟರ್ ಓಡಿದ ಮೇಲೂ 91 ಪರ್ಸೆಂಟ್ ತೋರಿಸಿತು. ಆ ಕಾಗದ ಕೈಯಲ್ಲಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಒಂದು ಬೆಲೆ.

ಬೆಲೆ ಬೀಳಲು ಇನ್ನೊಂದು ಕಾರಣವೂ ಇದೆ, ಅದು ಒಳ್ಳೆಯ ಸುದ್ದಿಯ ವೇಷದಲ್ಲಿ ಬರುತ್ತದೆ. 2010ರಲ್ಲಿ ಒಂದು ಯೂನಿಟ್ ಕರೆಂಟು ಹಿಡಿಯುವ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರಿಗೂ ಮೇಲಿತ್ತು. 2024ಕ್ಕೆ ಜಗತ್ತಿನ ಸರಾಸರಿ 115 ಡಾಲರ್. ಹೊಸದು ವರ್ಷವರ್ಷವೂ ಅಗ್ಗವಾಗಿ, ಹೆಚ್ಚು ದೂರ ಓಡುವಾಗ ಹಳೆಯದನ್ನು ಯಾರು ಮೂಸುತ್ತಾರೆ? ನಮ್ಮ ಬೆಂಗಳೂರಿನ ರೇವಾ 2001ರಲ್ಲಿ ಬಂತಲ್ಲ, ಅದರಲ್ಲಿದ್ದದ್ದು ಇನ್ವರ್ಟರಿನಲ್ಲಿರುವಂಥ ಸೀಸದ ಬ್ಯಾಟರಿ. ಆ ಕಾಲಕ್ಕೆ ಹೋಲಿಸಿದರೆ ಇವತ್ತಿನ ಎಂಟು ವರ್ಷ, ಒಂದು ಲಕ್ಷ ಅರವತ್ತು ಸಾವಿರ ಕಿಲೋಮೀಟರಿನ ವಾರಂಟಿ ದೊಡ್ಡದೇ. ಕೆಲವು ಕಂಪನಿಗಳು ಜೀವನಪರ್ಯಂತ ಎಂದೂ ಬರೆಯುತ್ತವೆ. ಆದರೆ ಸಣ್ಣ ಅಕ್ಷರದಲ್ಲಿ 'ಮೊದಲ ಮಾಲೀಕನಿಗೆ' ಎಂದಿರುತ್ತದೆ. ಮಾರುವ ದಿನ ಬೆಲೆ ಕಟ್ಟುವವನು ಎರಡನೆಯ ಮಾಲೀಕ ತಾನೆ?

ಈಗ ಶೆಟ್ರ ಪ್ರಶ್ನೆಗೆ ಬರುತ್ತೇನೆ. ಅವರ ಎದುರೇ ಲೆಕ್ಕ ಹಾಕಿದೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿದು, ಊರೊಳಗೆ 14 ಕಿಲೋಮೀಟರ್ ಕೊಟ್ಟರೆ ಕಿಲೋಮೀಟರಿಗೆ 7 ರೂಪಾಯಿ 35 ಪೈಸೆ. ಎಲೆಕ್ಟ್ರಿಕ್ಕಿಗೆ, ಚಾರ್ಜ್ ಮಾಡುವಾಗ ಸೋರುವುದನ್ನೂ ಸೇರಿಸಿ 200 ಕಿಲೋಮೀಟರಿಗೆ 33 ಯೂನಿಟ್, ಯೂನಿಟ್ಟಿಗೆ 10 ರೂಪಾಯಿ ಹಿಡಿದರೂ ಒಂದು ರೂಪಾಯಿ 65 ಪೈಸೆ. ಉಳಿತಾಯ ಐದು ರೂಪಾಯಿ 70 ಪೈಸೆ. ರಸ್ತೆ ಬದಿಯ ಫಾಸ್ಟ್ ಚಾರ್ಜರಿನಲ್ಲಿ ತುಂಬಿಸಿದರೆ ಅದರಲ್ಲಿ ಒಂದು ಪಾಲು ಕರಗುತ್ತದೆ. ಮಹಾರಾಷ್ಟ್ರದಲ್ಲಿ ಎಲೆಕ್ಟ್ರಿಕ್ ಕಾರಿಗೆ ರಸ್ತೆ ತೆರಿಗೆಯಿಲ್ಲ, 2025ರ ನೀತಿಯಲ್ಲಿ ಅಟಲ್ ಸೇತು ಮತ್ತು ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯ ಟೋಲ್ ಮಾಫಿಯನ್ನೂ ಸೇರಿಸಿದ್ದಾರೆ. ಅಷ್ಟೆಲ್ಲ ಆದಮೇಲೂ ಎರಡು ಕಾರು ಕೊಳ್ಳುವ ಬೆಲೆಯ ನಡುವೆ 4 ಲಕ್ಷ ವ್ಯತ್ಯಾಸ ಉಳಿಯಿತು ಎಂದಿಟ್ಟುಕೊಳ್ಳೋಣ. ಅಳಿಯ ವರ್ಷಕ್ಕೆ 20,000 ಕಿಲೋಮೀಟರ್ ಓಡಿಸುತ್ತಾನೆ. ಮೂರೂವರೆ ವರ್ಷದಲ್ಲಿ ಅವನ 4 ಲಕ್ಷ ಮನೆಗೆ ಬಂತು. ಆಮೇಲೆ ಅದು ಎಷ್ಟಕ್ಕೆ ಮಾರಿಹೋದರೂ ಅವನಿಗೆ ಚಿಂತೆಯಿಲ್ಲ.

"ನಿಮ್ಮ ಗಾಡಿ ಎಷ್ಟು ಓಡಿದೆ ಶೆಟ್ರೇ?"

ಅವರಿಗೆ ಗೊತ್ತಿರಲಿಲ್ಲ. ಹೋಟೆಲಿಗೆ ಬೆಳಗ್ಗೆ 5.20ರ ಲೋಕಲ್, ವಾಪಸು ಲೋಕಲ್. ಕಾರು ಎಂದರೆ ಮದುವೆ, ಆಸ್ಪತ್ರೆ, ಮೇ ತಿಂಗಳಲ್ಲಿ ಊರಿಗೆ ಒಂದು ಸಲ. ಮುಂಬಯಿಯ ನಮ್ಮವರಲ್ಲಿ ಮುಕ್ಕಾಲು ಜನರ ಕತೆ ಇದೇ. ಓಡದ ಎಲೆಕ್ಟ್ರಿಕ್ ಕಾರಿಗೆ ಎರಡು ನಷ್ಟ. ಇಂಧನ ಉಳಿಯುವುದಿಲ್ಲ, ಮತ್ತು ಬ್ಯಾಟರಿ ನಿಂತಲ್ಲೇ ಮುಪ್ಪಾಗುತ್ತದೆ. ಲಿಥಿಯಂ ಬ್ಯಾಟರಿಗೆ ಓಟದ ವಯಸ್ಸು ಬೇರೆ, ಕ್ಯಾಲೆಂಡರಿನ ವಯಸ್ಸು ಬೇರೆ. ಪೂರ್ತಿ ತುಂಬಿಸಿ ಏಪ್ರಿಲ್ ಬಿಸಿಲಲ್ಲಿ ವಾರಗಟ್ಟಲೆ ನಿಲ್ಲಿಸುವುದು ಅದಕ್ಕೆ ಘಾಟಿ ಹತ್ತುವುದಕ್ಕಿಂತ ಕಷ್ಟ. ದಿನದ ಬಳಕೆಗೆ 80 ಪರ್ಸೆಂಟ್ ಸಾಕು ಎನ್ನುವುದು ಇದಕ್ಕೇ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯ ಬ್ಯಾಟರಿಗೆ ಮಾತ್ರ, ಮೀಟರಿನ ಅಂದಾಜು ತಪ್ಪದಿರಲೆಂದು, ಆಗಾಗ ನೂರು ಮಾಡಲು ಹೇಳುತ್ತಾರೆ.

ಪೆಟ್ರೋಲಿನವರೂ ಬೀಗಬೇಕಾಗಿಲ್ಲ. 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ ಈಗ ಎಲ್ಲ ಪಂಪಿನಲ್ಲೂ ಇದೆ. ಅದಕ್ಕೆಂದು ಮಾಡಿರದ ಹಳೆ ಕಾರುಗಳಲ್ಲಿ ಮೈಲೇಜು 6ರಿಂದ 7 ಪರ್ಸೆಂಟ್ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು.

ಮತ್ತೆ ಕಟ್ಟಡದ ಸೊಸೈಟಿ. ಪಾರ್ಕಿಂಗಿನಲ್ಲಿ ನಿಮ್ಮದೇ ಮೀಟರಿನಿಂದ ವೈರ್ ಎಳೆದು ಚಾರ್ಜ್ ಮಾಡಬಹುದು ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಸೊಸೈಟಿಯ ಕಾರ್ಯದರ್ಶಿ ಏನು ಹೇಳುತ್ತಾರೆ ಎನ್ನುವುದು ಬೇರೆ ಮಾತು. ಒಂದು ಸೊಸೈಟಿಯಲ್ಲಿ ಎನ್‌ಒಸಿಯ, ಅಂದರೆ ಅಭ್ಯಂತರವಿಲ್ಲವೆಂಬ ಪತ್ರದ, ಅರ್ಜಿ ಮೂರು ಮಹಾಸಭೆ ಕಂಡದ್ದು ನನಗೆ ಗೊತ್ತು. ಕಾರಿಗೆ ಮುಂಗಡ ಕೊಡುವ ಮೊದಲು ಆ ಕಾಗದ ಕೈಗೆ ಬರಲಿ.

ಕೊನೆಗೆ ಶೆಟ್ರೂ ನಾನೂ ಮೀಟರ್ ನೋಡಲು ಕೆಳಗಿಳಿದೆವು. ಕಾರಿನ ಮೇಲೆ ಗಣಪತಿ ಹಬ್ಬದ ಧೂಳು. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎಂದಿತು, ಅಷ್ಟೆ. ನಿಂತು ನಿಂತು ಬ್ಯಾಟರಿ ಇಳಿದಿತ್ತು. ಮಂದ ದೀಪದಲ್ಲಿ ಮೀಟರ್ ಓದಿದೆ: 43,000 ಚಿಲ್ಲರೆ. ಕೊಂಡದ್ದು 2016ರಲ್ಲಿ. ಈ ಓಟಕ್ಕೆ 4 ಲಕ್ಷ ವಾಪಸು ಬರಲು ಹದಿನೈದು ವರ್ಷ ಬೇಕು ಎಂದೆ. ವಾಚ್‌ಮನ್ನನ್ನು ಕರೆದು, ಗೇಟಿನ ಇಳಿಜಾರಿಗೆ ಮೂವರೂ ಸೇರಿ ತಳ್ಳಿದೆವು. ಶೆಟ್ರು ಓಡಿಹೋಗಿ ಸೀಟಲ್ಲಿ ಕೂತು, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರು. ಮೂರನೇ ಸಲಕ್ಕೆ ಕೆಮ್ಮಿ, ಹೊಗೆ ಬಿಟ್ಟು, ಹಿಡಿಯಿತು.

ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು, "ಭಟ್ರೇ, ಕರೆಂಟಿನದ್ದನ್ನು ಹೀಗೆ ತಳ್ಳಬಹುದಾ?"

ಇಲ್ಲ ಎಂದೆ. "ಹಾಗಾದರೆ ಮಗನಿಗೆ ನೀವೇ ಹೇಳಿ" ಎಂದು ಒಂದು ಸುತ್ತು ಹೊಡೆಯಲು ಹೋದರು.