ರೇಡಿಯೊ ಮೌನವಾಗಿರುವ ಮಲೆನಾಡು

ಕೇಳುಗರಿಗೆ ನಮಸ್ಕಾರ.

ಬಾನುಲಿಯಲ್ಲಿ ಕೂತು, ಬಾನುಲಿ ಅಲೆಗಳಿಗೇ ಬೇಲಿ ಹಾಕಿರುವ ಸೀಮೆಯ ಬಗ್ಗೆ ಮಾತಾಡುವುದು ಒಂದು ತಮಾಷೆಯೇ ಸರಿ. ಇವತ್ತು ನಾನು ಹೇಳಹೊರಟಿರುವ ಜಾಗ ಅಂಥದ್ದು. ಅಮೆರಿಕದ ವೆಸ್ಟ್ ವರ್ಜಿನಿಯಾ ರಾಜ್ಯದ ಪೂರ್ವದಂಚಿನಲ್ಲಿ, ಅಲೆಗೆನಿ ಬೆಟ್ಟಸಾಲಿನ ನಡುವೆ ಇರುವ ಪೊಕಹಾಂಟಸ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ ಅಂದುಕೊಳ್ಳಿ. ವಿಸ್ತೀರ್ಣ ಸುಮಾರು 2,440 ಚದರ ಕಿಲೋಮೀಟರ್, ಕೊಡಗಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕೊಡಗಿನಲ್ಲಿ 2011ರ ಜನಗಣತಿಯಂತೆ ಐದೂವರೆ ಲಕ್ಷ ಜನ. ಇಲ್ಲಿ 2020ರ ಗಣತಿಯಲ್ಲಿ ಸಿಕ್ಕವರು 7,869 ಮಂದಿ. ನಮ್ಮ ಕಡೆ ಒಂದು ಊರಜಾತ್ರೆಗೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ಹೆಸರು ಬಂದದ್ದು ವರ್ಜಿನಿಯಾದ ಕರಾವಳಿಯಲ್ಲಿದ್ದ ಪೌಹಟನ್ ಎಂಬ ಮೂಲನಿವಾಸಿ ದೊರೆಯ ಮಗಳಿಂದ. ಆಕೆ 1617ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡಳು, ಈ ಬೆಟ್ಟಗಳನ್ನು ಕಣ್ಣಾರೆ ಕಂಡವಳೇ ಅಲ್ಲ. ಇನ್ನೂರು ವರ್ಷ ಕಳೆದ ಮೇಲೆ, 1821ರಲ್ಲಿ ಹೊಸ ಕೌಂಟಿ ಕಟ್ಟಿದವರು ಆಕೆಯ ಹೆಸರನ್ನು ಇಲ್ಲಿಗೆ ತಂದರು.

ಇಲ್ಲಿನವರು ತಮ್ಮ ಸೀಮೆಯನ್ನು ‘ನದಿಗಳ ತವರು’ ಅನ್ನುತ್ತಾರೆ. ಹೊಗಳಿಕೆಯ ಮಾತಲ್ಲ ಅದು, ಲೆಕ್ಕದ ಮಾತು. ಗ್ರೀನ್‌ಬ್ರಯರ್, ಗಾಲಿ, ಎಲ್ಕ್, ಚೆರಿ, ಕ್ರ್ಯಾನ್‌ಬೆರಿ, ವಿಲಿಯಮ್ಸ್, ಟೈಗಾರ್ಟ್ ವ್ಯಾಲಿ, ಶೇವರ್ಸ್ ಫೋರ್ಕ್ ಎಂಬ ಎಂಟು ನದಿಗಳು ಇಲ್ಲೇ ಹುಟ್ಟುತ್ತವೆ. ಮೋಡ ಪಶ್ಚಿಮದಿಂದ ಬಂದು ಈ ಬೆಟ್ಟಗಳಿಗೆ ಡಿಕ್ಕಿ ಹೊಡೆದು ಸುರಿಯುತ್ತದೆ. ನಮ್ಮ ಘಟ್ಟಗಳ ಕಥೆಯೇ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಈ ನೀರು ಹಿಡಿಯುವ ದಾರಿ. ಟೈಗಾರ್ಟ್ ಮತ್ತು ಶೇವರ್ಸ್ ಫೋರ್ಕಿನ ನೀರು ಉತ್ತರಕ್ಕೆ ಹೊರಟು ಮೊನಾಂಗಹೀಲ ನದಿ ಸೇರುತ್ತದೆ. ಪಿಟ್ಸ್‌ಬರ್ಗಿನ ವೆಂಕಟೇಶ್ವರನ ಗುಡಿಗೆ ಹೋಗಿ ಬಂದವರು ಆ ಊರಿನೊಳಗೆ ಹಾಯುವ ಈ ನದಿಯನ್ನು ನೋಡಿರಬಹುದು. ಅಲ್ಲಿಂದ ಮುಂದಕ್ಕೆ ಅದು ಒಹಾಯೊ. ಅದೇ ಬೆಟ್ಟದ ಇನ್ನೊಂದು ಮಗ್ಗುಲಿನ ಗ್ರೀನ್‌ಬ್ರಯರ್, ಗಾಲಿಗಳ ನೀರು ಬೇರೆ ದಿಕ್ಕು ಹಿಡಿದು ಕನಾವ ನದಿಯಾಗಿ, ಪಾಯಿಂಟ್ ಪ್ಲೆಸೆಂಟ್ ಎಂಬಲ್ಲಿ ಅದೇ ಒಹಾಯೊ ಸೇರುತ್ತದೆ. ತುಂಗೆ, ಭದ್ರೆ ಗಂಗಾಮೂಲದಲ್ಲಿ ಒಟ್ಟಿಗೇ ಹುಟ್ಟಿ, ಮುನಿಸಿಕೊಂಡವರಂತೆ ಬೇರೆಯಾಗಿ, ಕೂಡ್ಲಿಯಲ್ಲಿ ಮತ್ತೆ ಕೈ ಹಿಡಿಯುತ್ತಾರಲ್ಲ, ಹಾಗೆ. ಇವರ ಮುನಿಸು ಮಾತ್ರ ನೂರಾರು ಮೈಲಿ ಉದ್ದದ್ದು.

ಮುನಿಸು ಅಂದಾಗ ನೆನಪಾಯಿತು. ಕೌಂಟಿಯ ಮುಖ್ಯಪಟ್ಟಣ ಮಾರ್ಲಿಂಟನ್. 1749ರ ಸುಮಾರಿಗೆ ಮಾರ್ಲಿನ್, ಸೂವೆಲ್ ಎಂಬ ಇಬ್ಬರು ಬಿಳಿಯರು ಇಲ್ಲಿ ಬಂದು ಗುಡಿಸಲು ಹಾಕಿದರು. ಸುತ್ತ ಎತ್ತ ನೋಡಿದರೂ ಕಾಡು, ಮಾತಿಗೆ ಮೂರನೆಯವನಿಲ್ಲ. ಆದರೂ ಧರ್ಮದ ವಿಷಯಕ್ಕೆ ಇಬ್ಬರಿಗೂ ಜಗಳ ಹತ್ತಿ, ಸೂವೆಲ್ ಗುಡಿಸಲು ಬಿಟ್ಟು ಪಕ್ಕದಲ್ಲೇ ಇದ್ದ ಪೊಳ್ಳು ಸಿಕಮೋರ್ ಮರದೊಳಗೆ ಸಂಸಾರ ಹೂಡಿದನಂತೆ. ಬೆಳಗಾಗುತ್ತಲೇ ಇಬ್ಬರೂ ಹೊರಗೆ ಬಂದು ಒಬ್ಬರಿಗೊಬ್ಬರು ಮರ್ಯಾದೆಯಿಂದ ನಮಸ್ಕಾರ ಹೇಳುತ್ತಿದ್ದರು ಅನ್ನುವುದೂ ಕಥೆಯಲ್ಲಿದೆ.

ಈಗ ರೇಡಿಯೊ ವಿಷಯಕ್ಕೆ ಬರುತ್ತೇನೆ. ಕೌಂಟಿಯ ಉತ್ತರಕ್ಕೆ ಗ್ರೀನ್ ಬ್ಯಾಂಕ್ ಎಂಬ ಹಳ್ಳಿ. ಸುತ್ತಲೂ ಬೆಟ್ಟ, ನಡುವೆ ಬಟ್ಟಲಿನಂಥ ಬಯಲು. 1950ರ ದಶಕದಲ್ಲಿ ಆಕಾಶದ ರೇಡಿಯೊ ಅಲೆಗಳನ್ನು ಆಲಿಸಲು ಜಾಗ ಹುಡುಕುತ್ತಿದ್ದ ವಿಜ್ಞಾನಿಗಳಿಗೆ ಬೇಕಾದದ್ದು ಇಂಥ ಬಟ್ಟಲೇ; ರೇಡಿಯೊ ದೂರದರ್ಶಕಗಳ ವೀಕ್ಷಣಾಲಯವನ್ನು ಇಲ್ಲೇ ಕಟ್ಟಿದರು. ಊರುಗಳ ಗದ್ದಲವನ್ನು ಬೆಟ್ಟಗಳೇ ತಡೆಯುತ್ತವೆ. ಮಿಕ್ಕದ್ದನ್ನು ಕಾನೂನು ತಡೆಯಲಿ ಅಂತ 1958ರಲ್ಲಿ ಸುಮಾರು 34,000 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ರೇಡಿಯೊ ನಿಶ್ಶಬ್ದ ವಲಯ ಎಂದು ಗುರುತು ಮಾಡಿದರು. ಅದು ಕರ್ನಾಟಕದ ಆರನೆಯ ಒಂದು ಪಾಲಿನಷ್ಟಾಯಿತು. ವಲಯದೊಳಗೆ ಹೊಸ ಪ್ರಸಾರ ಗೋಪುರ ನಿಲ್ಲಿಸಬೇಕಾದರೆ ವೀಕ್ಷಣಾಲಯದ ಜೊತೆ ಮಾತಾಡಿಕೊಂಡೇ ನಿಲ್ಲಿಸಬೇಕು. ಹಳ್ಳಿಯ ಹತ್ತಿರ ಬಂದಂತೆ ಮೊಬೈಲಿನ ಕಡ್ಡಿಗಳು ಒಂದೊಂದಾಗಿ ಮಾಯ. ದೂರದರ್ಶಕದ ಬಳಿಗೆ ಡೀಸೆಲ್ ವಾಹನ ಮಾತ್ರ; ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವಾಗಲೂ ರೇಡಿಯೊ ಗದ್ದಲ ಏಳುತ್ತದೆ. ಕೆಟ್ಟುಹೋದ ಹೀಟಿಂಗ್ ಪ್ಯಾಡ್ ಒಂದು ಕರಕರ ಅನ್ನುತ್ತಿದ್ದರೂ ವೀಕ್ಷಣಾಲಯದವರು ವ್ಯಾನು ತಿರುಗಿಸಿ ಪತ್ತೆ ಹಚ್ಚಿಬಿಡುತ್ತಾರೆ. ಈಗೀಗ ಮನೆಗಳಿಗೆ ವೈಫೈ ನುಸುಳಿದೆ, ಅದನ್ನು ಪೂರ್ತಿ ತಡೆಯುವುದು ಅವರಿಗೂ ಆಗಿಲ್ಲ.

ಇಷ್ಟೆಲ್ಲ ಜತನ ಯಾಕೆ ಅಂದರೆ, ಗ್ಯಾಲಕ್ಸಿಗಳಿಂದ ಬರುವ ಅಲೆ ಅಷ್ಟು ಕ್ಷೀಣ. ಅದನ್ನು ಹಿಡಿಯಲು 2000ದಲ್ಲಿ ಕಟ್ಟಿ ಮುಗಿಸಿದ ದೂರದರ್ಶಕದ ಬೋಗುಣಿ 100 ಮೀಟರಿಗೆ 110 ಮೀಟರ್. ಎತ್ತರ 485 ಅಡಿ, ಅಂದರೆ ಮುರುಡೇಶ್ವರದ ರಾಜಗೋಪುರದ ಮೇಲೆ ಅಂಥದ್ದೇ ಇನ್ನೊಂದನ್ನು ಇಟ್ಟಷ್ಟು. ಆ ರಾಶಿ ಕಬ್ಬಿಣ ಇಡಿಯಾಗಿ ತಿರುಗಿ ಆಕಾಶದ ಬಹುಪಾಲು ಮೂಲೆಗಳಿಗೆ ಮುಖ ಮಾಡಬಲ್ಲದು. ಅದಕ್ಕೆ ಮುಂಚೆ ಇದ್ದ 300 ಅಡಿ ಅಗಲದ ದೂರದರ್ಶಕ 1988ರ ನವೆಂಬರ್ 15ರ ರಾತ್ರಿ ಇದ್ದಕ್ಕಿದ್ದಂತೆ ಕುಸಿದು ಬಿತ್ತು. ಸದ್ಯ, ಯಾರಿಗೂ ಪೆಟ್ಟಾಗಲಿಲ್ಲ. ಇನ್ನೂ ಹಿಂದೆ, 1960ರಲ್ಲಿ, ಫ್ರ್ಯಾಂಕ್ ಡ್ರೇಕ್ ಎಂಬ ಯುವ ವಿಜ್ಞಾನಿ ಇಲ್ಲಿಂದಲೇ ಟೌ ಸೆಟಿ, ಎಪ್ಸಿಲಾನ್ ಎರಿಡಾನಿ ಎಂಬ ಎರಡು ನಕ್ಷತ್ರಗಳ ಕಡೆ ಕಿವಿ ಹಚ್ಚಿ, ‘ಅಲ್ಲಿ ಯಾರಾದರೂ ಇದ್ದೀರಾ’ ಅಂತ ಕಾದ. ಉತ್ತರ ಬರಲಿಲ್ಲ. ನಮ್ಮ ಗೌರಿಬಿದನೂರಿನ ಬಯಲಲ್ಲೂ 1970ರ ದಶಕದಿಂದ ಆಕಾಶದ ರೇಡಿಯೊ ಅಲೆಗಳನ್ನು ಆಲಿಸುವ ಕೆಲಸ ನಡೆದಿದೆ. ಬೆಂಗಳೂರಿನಿಂದ ಅಷ್ಟು ದೂರ ಹೋಗಿ ಆಂಟೆನಾ ನೆಟ್ಟದ್ದು ಯಾಕೆಂದು ಗ್ರೀನ್ ಬ್ಯಾಂಕ್ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಕ್ಯಾಸ್. 1901ರಲ್ಲಿ ಕಾಗದದ ಕಂಪನಿಯೊಂದು ಮರ ಕೊಯ್ಯಲೆಂದೇ ಕಟ್ಟಿದ ಊರು. ಬೆಟ್ಟದ ಮೇಲಿನ ಕೆಂಪು ಸ್ಪ್ರೂಸ್ ಮರಗಳನ್ನು ಕಡಿದು ಕೆಳಗಿಳಿಸಲು ಶೇ ಎಂಬ ಹಲ್ಲುಚಕ್ರದ ಉಗಿಬಂಡಿಗಳನ್ನು ತಂದರು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲುದಾರಿ ಐವತ್ತು ಅಡಿಗೆ ಒಂದಡಿ ಏರುತ್ತದೆ, ಅದನ್ನೇ ನಾವು ಸಾಹಸ ಅನ್ನುತ್ತೇವೆ. ಕ್ಯಾಸಿನ ದಾರಿ ಕೆಲವು ಕಡೆ ಒಂಬತ್ತು ಅಡಿಗೇ ಒಂದಡಿ ಏರುತ್ತದೆ! ತಿರುವು ಹಾಕಲು ಜಾಗವಿಲ್ಲದ ಕಡೆ ರೈಲು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸಾಗುತ್ತ ಅಂಕುಡೊಂಕಾಗಿ ಹತ್ತುತ್ತದೆ. ಗರಗಸದ ಕಾರ್ಖಾನೆ 1960ರಲ್ಲಿ ಮುಚ್ಚಿತು. ಹಳಿ ಕಿತ್ತು ಗುಜರಿಗೆ ಹಾಕುವ ಮುಂಚೆ ರಾಜ್ಯ ಸರ್ಕಾರ ಅದನ್ನು ಕೊಂಡು, 1963ರಿಂದ ಮರ ಹೊತ್ತ ಬಂಡಿಗಳಲ್ಲೇ ಪ್ರವಾಸಿಗಳನ್ನು ಕೂರಿಸಿತು. ತುದಿಯ ಬಾಲ್ಡ್ ನಾಬ್ ಶಿಖರ 1,476 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮುಂದೆ ಚಿಕ್ಕದು. ಆದರೆ ಚಳಿ ಬೇರೆಯದೇ. ಮೇಲೆ ಬೆಳೆದಿರುವುದು ಕೆನಡಾ ಕಡೆಯ ಕಾಡಿನಂಥ ಕಾಡು.

ಮರ ಕಡಿದದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಬೋಳಾದ ಬೆಟ್ಟಗಳಿಂದ ನೀರು ನಿಲ್ಲದೆ ಇಳಿದು ಕೆಳಗಿನ ಪಟ್ಟಣಗಳಿಗೆ ಪ್ರವಾಹ ಬಂತು. ಆ ಪಾಠದಿಂದಲೇ 1920ರಲ್ಲಿ ಮೊನಾಂಗಹೀಲ ರಾಷ್ಟ್ರೀಯ ಅರಣ್ಯ ಹುಟ್ಟಿತು. ಇವತ್ತು ಕಾಣುವ ಹಸಿರಿನ ಬಹುಪಾಲು ಆಮೇಲೆ ಬೆಳೆದದ್ದು. ಗ್ರೀನ್‌ಬ್ರಯರ್ ನದಿಯ ದಂಡೆಯಲ್ಲಿದ್ದ ರೈಲುದಾರಿಯ ಹಳಿಗಳನ್ನು ತೆಗೆದು, ಕ್ಯಾಸಿನಿಂದ ದಕ್ಷಿಣಕ್ಕೆ ಸುಮಾರು 125 ಕಿಲೋಮೀಟರ್ ಸೈಕಲ್ ಹಾದಿ ಮಾಡಿದ್ದಾರೆ. ಏರಿಳಿತ ಕಡಿಮೆ, ಮಂಡಿ ನೋವಿನವರೂ ನಡೆಯಬಹುದು, ಅನುಭವದಿಂದ ಹೇಳುತ್ತಿದ್ದೇನೆ.

ದಕ್ಷಿಣದ ಹಿಲ್ಸ್‌ಬರೋದಲ್ಲಿ 1892ರಲ್ಲಿ ಪರ್ಲ್ ಬಕ್ ಹುಟ್ಟಿದ ಮನೆ ಇದೆ. ಕೆಲವೇ ತಿಂಗಳ ಕೂಸಾಗಿ ಚೀನಾಕ್ಕೆ ಹೋಗಿ, ಅಲ್ಲಿನ ರೈತರ ಬದುಕು ಬರೆದು, 1938ರಲ್ಲಿ ನೊಬೆಲ್ ಪಡೆದಾಕೆ. ಹತ್ತಿರದ ಡ್ರೂಪ್ ಬೆಟ್ಟದಲ್ಲಿ 1863ರ ನವೆಂಬರಿನಲ್ಲಿ ಅಂತರ್ಯುದ್ಧದ ಕಾಳಗವಾಯಿತು. ಕ್ರ್ಯಾನ್‌ಬೆರಿ ಗ್ಲೇಡ್ಸ್ ಎಂಬ ಜೌಗಿನಲ್ಲಿ ಹಲಗೆ ಹಾಸಿದ ಕಾಲುದಾರಿಯ ಪಕ್ಕ ಬಗ್ಗಿ ನೋಡಿದರೆ ಹುಳ ಹಿಡಿಯುವ ಡ್ರೊಸೆರಾ ಗಿಡ, ಎಲೆಯ ಮೇಲೆ ಅಂಟಿನ ಹನಿ. ನಮ್ಮ ಕರಾವಳಿಯ ಕೆಂಪುಕಲ್ಲಿನ ಪಾರೆಗಳ ಮೇಲೆ ಮಳೆಗಾಲದಲ್ಲಿ ಕಾಣುವುದು ಇದರ ದಾಯಾದಿಯೇ.

ಒಂದು ಮಾತು ಬಾಕಿ ಉಳಿಯಿತು. ಇಷ್ಟು ಮೌನದ ಸೀಮೆಯಲ್ಲೂ ಒಂದು ಬಾನುಲಿ ಇದೆ. ಫ್ರಾಸ್ಟ್ ಎಂಬ ಪುಟ್ಟ ಊರಿನಿಂದ 1981ರಿಂದ ಮಾತಾಡುತ್ತಿರುವ ಸಮುದಾಯ ಬಾನುಲಿ, 1370 ಕಿಲೋಹರ್ಟ್ಸ್. ದೂರದರ್ಶಕ ಆಲಿಸುವ ಕಂಪನಾಂಕಗಳು ಅದಕ್ಕಿಂತ ಎಷ್ಟೋ ಮೇಲಿನವು. ಮೊಬೈಲು ಸತ್ತ ಆ ರಸ್ತೆಯಲ್ಲಿ ನಮ್ಮ ಕಾರಿನೊಳಗೆ ಕೇಳಿದ ಮನುಷ್ಯರ ದನಿ ಅದೊಂದೇ. ಹವಾಮಾನ ಓದುತ್ತಿದ್ದರು: ಸಂಜೆ ಬೆಟ್ಟದ ಮೇಲೆ ಮಳೆ.

ನಮಸ್ಕಾರ.