ಹಳೇ ಸೇತುವೆ ನಿಂತರೆ ಸಾಲದು, ಏಳುತ್ತಲೂ ಇರಬೇಕು

ನಮಸ್ಕಾರ. ಹೊಸ ಸೇತುವೆ ಬಂದ ಮೇಲೆ ಹಳೇದು ಯಾಕೆ ಬೇಕು, ಕೆಡವಿಬಿಡಿ ಅಂತ ಸಲೀಸಾಗಿ ಹೇಳ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ.

ಅಮೆರಿಕದ ಸೇಂಟ್ ಕ್ರಾಯ್ ನದಿ ನೋಡಿ. ಈ ದಡದಲ್ಲಿ ಮಿನ್ನೆಸೋಟದ ಸ್ಟಿಲ್‌ವಾಟರ್, ಆ ದಡದಲ್ಲಿ ವಿಸ್ಕಾನ್ಸಿನ್‌ನ ಹೌಲ್ಟನ್. ಎರಡನ್ನೂ ಸೇರಿಸೋದು 1931ರ ಲಿಫ್ಟ್ ಬ್ರಿಡ್ಜ್. ದೊಡ್ಡ ದೋಣಿ ಬಂದರೆ ಗೇಟ್ ಹಾಕ್ತಾರೆ, ಎರಡು ಉಕ್ಕಿನ ಗೋಪುರಗಳ ನಡುವಿನ 140 ಅಡಿ ಉದ್ದದ ರಸ್ತೆ ಒಂದಿಷ್ಟೂ ವಾಲದೆ ಮೇಲಕ್ಕೇಳುತ್ತೆ. ಅಷ್ಟು ಭಾರವನ್ನ ಬರೀ ಮೋಟಾರ್ ಎತ್ತೋದಲ್ಲ. ಗೋಪುರದ ತುದಿಯಲ್ಲಿ ರಾಟೆ, ರಾಟೆ ಮೇಲೆ ಉಕ್ಕಿನ ಹಗ್ಗ. ಹಗ್ಗದ ಒಂದು ತುದಿಗೆ ರಸ್ತೆ, ಇನ್ನೊಂದಕ್ಕೆ ಹೆಚ್ಚುಕಡಿಮೆ ಅಷ್ಟೇ ತೂಕದ ಕಾಂಕ್ರೀಟ್ ದಿಮ್ಮಿ. ದಿಮ್ಮಿ ಇಳಿದ ಹಾಗೆ ರಸ್ತೆ ಏರುತ್ತೆ.

ಊರಿನವರು ಪಟ್ಟ ಪಾಡೂ ಸುಳ್ಳಲ್ಲ. ಹೆದ್ದಾರಿ ನೇರ ಪೇಟೆಯೊಳಗೇ ಬರ್ತಿತ್ತು. ಸೇತುವೆ ಎದ್ದಾಗಲೆಲ್ಲ ಪೇಟೆ ತುಂಬ ಕಾರುಗಳ ಸಾಲು. ನದಿ ಉಕ್ಕಿದರೆ ದಾರಿಯೇ ಬಂದ್. 2007ರಲ್ಲಿ ಅದೇ ಮಿನ್ನೆಸೋಟದ ಮಿನಿಯಾಪೊಲಿಸ್‌ ನಗರದ ಹೆದ್ದಾರಿ ಸೇತುವೆ ಕುಸಿದು 13 ಜನ ಸತ್ತ ಮೇಲಂತೂ ಹೆದರಿಕೆ ಹೆಚ್ಚಾಯಿತು. ಹೊಸ ಸೇತುವೆ ಬೇಕೇ ಬೇಕಿತ್ತು. ಆದರೆ ಅದು ಕಾನೂನಿನ ರಕ್ಷಣೆ ಇರೋ ನದಿ. 2012ರಲ್ಲಿ ಸಂಸತ್ತೇ ವಿನಾಯಿತಿ ಕೊಡಬೇಕಾಯಿತು. 2017ರ ಆಗಸ್ಟ್‌ನಲ್ಲಿ ಹೊಸದು ತೆರೆಯಿತು, ಹಳೇದರ ಮೇಲೆ ವಾಹನ ಸಂಚಾರ ನಿಂತಿತು.

ಅಲ್ಲಿಗೆ ಗುಜರಿಗೆ ಹೋಗಬೇಕಿತ್ತು, ಹೋಗಲಿಲ್ಲ. ಹಳೇದನ್ನ ಉಳಿಸೋದು ಹೊಸದರ ಯೋಜನೆಯಲ್ಲೇ ಸೇರಿತ್ತು. ದುರಸ್ತಿಯಾಗಿ 2020ರಲ್ಲಿ ನಡೆಯೋರಿಗೆ, ಸೈಕಲ್‌ನವರಿಗೆ ಬಿಟ್ಟುಕೊಟ್ಟರು. ಈಗ ಹಳೇದರಲ್ಲಿ ನದಿ ದಾಟಿ, ಹೊಸದರಲ್ಲಿ ವಾಪಸ್ ಬರಬಹುದು. ಸುಮಾರು 5 ಮೈಲಿ ಸುತ್ತು. ದೋಣಿಗಳು ಓಡಾಡೋ ತಿಂಗಳುಗಳಲ್ಲಿ ಹಳೇ ಸೇತುವೆ ಇವತ್ತಿಗೂ ಏಳುತ್ತೆ.

ಅಮೆರಿಕದ್ದೇ ಆದ, ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಮತ್ತು ಮೇನ್ ರಾಜ್ಯದ ಕಿಟರಿ ನಡುವಿನ 1923ರ ಮೆಮೋರಿಯಲ್ ಬ್ರಿಡ್ಜ್‌ಗೆ ಈ ಅದೃಷ್ಟ ಇರಲಿಲ್ಲ. ಅದೂ ಲಿಫ್ಟ್ ಬ್ರಿಡ್ಜೇ. 2011ರಲ್ಲಿ ಮುಚ್ಚಿ, ಕೆಡವಿ, 2013ಕ್ಕೆ ಅದೇ ಜಾಗದಲ್ಲಿ ಹೊಸದು ಕಟ್ಟಿದರು. ಅದೂ ಮೇಲೇಳುತ್ತೆ, ನಿಜ. ಆದರೆ ಹಳೇದು ಹೋಯಿತು.

ದೋಣಿಗೋಸ್ಕರ ಇಷ್ಟು ಖರ್ಚಾ ಅಂತ ಕೇಳೋರಿಗೆ ನನ್ನ ಉತ್ತರ ಇಷ್ಟೇ. ಎತ್ತೋದನ್ನ ನಿಲ್ಲಿಸಿದರೆ ಉಳಿಯೋದು ಬಣ್ಣ ಬಳಿದ ಕಬ್ಬಿಣ. ಹಗ್ಗ, ರಾಟೆ, ತೂಕದ ಲೆಕ್ಕ ಮಗುವಿಗೂ ಗೊತ್ತಾಗೋದು ರಸ್ತೆ ಕಣ್ಣೆದುರು ಎದ್ದಾಗ. ಹೊಸ ಸೇತುವೆಯ ಅಂದಾಜುಪಟ್ಟಿ ಮಾಡುವಾಗಲೇ ಹಳೇದರ ಹಗ್ಗ, ಗ್ರೀಸ್, ಆಪರೇಟರ್ ಸಂಬಳ ಅದರಲ್ಲಿ ಬರಲಿ. ಆಮೇಲೆ ನೋಡೋಣ ಅಂದರೆ ದುಡ್ಡು ಹುಟ್ಟೋದಿಲ್ಲ.