ಯಾವ ಮರ, ಯಾವ ಮಗ್ಗುಲು

ಕೇಳುಗರಿಗೆ ನಮಸ್ಕಾರ.

ಹಲವು ವರ್ಷಗಳ ಹಿಂದೆ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿಯುವಾಗ, ಗಾಳಿಗೆ ಮುರಿದು ಬಿದ್ದ ಕೊಂಬೆಯಲ್ಲಿ ನರೆತ ಗಡ್ಡದಂತಹ ಕಲ್ಲುಹೂವು ಜೋತಾಡುತ್ತಿತ್ತು. ಒಂದು ಎಳೆ ಬಿಡಿಸಿ ಕಾಗದದ ಪೊಟ್ಟಣದಲ್ಲಿ ಇಟ್ಟೆ. ಮೇಲೆ ಬರೆದದ್ದು ಎರಡೇ ಪದ: 'ತಡಿಯಂಡಮೋಳ್, ಮರ'. ಆ ಪೊಟ್ಟಣ ಇಂದಿಗೂ ನನ್ನ ಬಳಿ ಇದೆ. ಉಸ್ನಿಯಾ ಕುಲದ್ದು ಎಂದು ಹೇಳಬಲ್ಲೆ. ಆದರೆ ಅದು ಬೆಟ್ಟದ ಬುಡದ ನಾಲ್ಕುನಾಡು ಅರಮನೆಯ ಮಗ್ಗುಲಿನ ಕಾಡಿನದೋ, 1748 ಮೀಟರ್ ಎತ್ತರದ ನೆತ್ತಿಯ ಕೆಳಗಿನ ಶೋಲಾ ಕಾಡಿನದೋ ಹೇಳಲಾರೆ. ಈಗ ಊಹಿಸಿ ಬರೆಯುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಮಸಾಲೆಗೆ ಹುರಿದು ಹಾಕುವ ಕಲ್ಲುಹೂವಿನ ಬಳಗವೇ ಇದು. ಹೂವೂ ಅಲ್ಲ, ಪಾಚಿಯೂ ಅಲ್ಲ. ಅಣಬೆಯ ಬಳಗದ ಒಂದು ಶಿಲೀಂಧ್ರವೂ, ಆಲ್ಗೆ ಎನ್ನುವ ಒಂದು ಶೈವಲವೂ ಕೂಡಿ ನಡೆಸುವ ಸಂಸಾರ. ಬೇರಿಲ್ಲ. ಮಳೆ, ಮಂಜು, ಗಾಳಿ ತಂದದ್ದನ್ನೇ ಮೈತುಂಬ ಹೀರಿಕೊಳ್ಳುತ್ತದೆ, ಗಾಳಿಯಲ್ಲಿ ವಿಷವಿದ್ದರೆ ಅದನ್ನೂ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂವುಗಳನ್ನು ಪಟ್ಟಿ ಮಾಡಿದ ಸಸ್ಯವಿಜ್ಞಾನಿ ನೈಲಾಂಡರ್, ಇವು ಗಾಳಿಯ ಶುದ್ಧಿಯನ್ನು ಅಳೆಯಬಲ್ಲವು ಎಂದು ಗುರುತಿಸಿದ್ದು 1866ರಲ್ಲಿ. ಗಾಳಿ ಕೆಟ್ಟಲ್ಲಿ ಇವುಗಳಲ್ಲಿ ಹಲವು ಮಾಯವಾಗುತ್ತವೆ. ಯಾವುದು ಎಲ್ಲಿತ್ತು ಎಂದು ಬರೆದಿಟ್ಟಿದ್ದರೆ ಮಾತ್ರ ಮುಂದೊಂದು ದಿನ ಅದು ಅಲ್ಲಿಂದ ಹೋದದ್ದು ತಿಳಿಯುತ್ತದೆ.

ಹಾಗಾದರೆ ಏನು ಬರೆಯಬೇಕು? ದಿನಾಂಕ, ನೋಡಿದವರ ಹೆಸರು, ಹತ್ತಿರದ ಊರು, ಬೆಟ್ಟದ ಯಾವ ಮಗ್ಗುಲು. ಬಂಡೆಯೋ, ಮಣ್ಣೋ, ತೊಗಟೆಯೋ. ತೊಗಟೆಯಾದರೆ ಮರದ ಹೆಸರು, ನೆಲದಿಂದ ಎಷ್ಟು ಎತ್ತರ, ಬಿಸಿಲೋ ನೆರಳೋ. ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ದಟ್ಟ ಕಾಡಿನೊಳಗೆ ಅದು ತಪ್ಪುವುದುಂಟು, ಆದ್ದರಿಂದ ಎಷ್ಟು ಮೀಟರ್ ಆಚೀಚೆ ಇರಬಹುದು ಎಂಬುದನ್ನೂ ಸೇರಿಸಿ. ಒಣಗಿದಾಗ ಬೂದು ಕಂಡದ್ದು ನೆನೆದಾಗ ಹಸಿರಾಗುತ್ತದೆ. ಹಾಗಾಗಿ ಎರಡು ಸ್ಥಿತಿಯ ಚಿತ್ರವೂ ಇರಲಿ. ಹುಡುಕಿಯೂ ಸಿಗದಿದ್ದರೆ, 'ಇಲ್ಲಿ ಹುಡುಕಿದೆ, ಕಾಣಲಿಲ್ಲ' ಎಂದು ಅದನ್ನೂ ಬರೆಯಿರಿ. ಈ ಒಂದು ಸಾಲನ್ನು ಬಹುತೇಕರು ಬಿಟ್ಟುಬಿಡುತ್ತಾರೆ.

ತೋಟದವರಲ್ಲಿ ಒಂದು ವಿಶೇಷ ವಿನಂತಿ. ಬಿಳಿ ಕಾಂಡಕೊರಕ ಹುಳುವಿನ ಕಾಟ ತಪ್ಪಿಸಲು ಅರೇಬಿಕಾ ಕಾಫಿ ಗಿಡದ ಕಾಂಡವನ್ನು ಉಜ್ಜುತ್ತೀರಿ. ಬೆಳೆ ಉಳಿಯಬೇಕು, ಉಜ್ಜಲೇಬೇಕು. ಆದರೆ ತೊಗಟೆಯೊಂದಿಗೆ ಕಲ್ಲುಹೂವೂ ಉದುರುತ್ತದೆ, ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜೀವ ಅದು. ಉಜ್ಜುವ ಮೊದಲು ನಾಲ್ಕಾರು ಗಿಡಗಳನ್ನಾದರೂ ನೋಡಿ ಬರೆದಿಡಿ. ಹತ್ತಿರದ ನೆರಳಿನ ಮರಗಳನ್ನೂ ನೋಡಿ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳಲ್ಲಂತೂ ಅನುಮತಿಯಿಲ್ಲದೆ ಏನನ್ನೂ ಕೀಳಬಾರದು. ಅಲ್ಲಿ ಚಿತ್ರ ಮತ್ತು ಟಿಪ್ಪಣಿ ಸಾಕು.

ಕಕ್ಕಡ ತಿಂಗಳ, ಅಂದರೆ ಆಟಿಯ, ಮಳೆ ಮುಗಿದು ದಾರಿ ಒಣಗಿದ ಮೇಲೆ ನಾನು ಮತ್ತೆ ತಡಿಯಂಡಮೋಳ್ ಹತ್ತುತ್ತೇನೆ. ಕಕ್ಕಬ್ಬೆ ಕಡೆಯವರು ಯಾರಾದರೂ ಅಷ್ಟರೊಳಗೆ ಆ ದಾರಿಯಲ್ಲಿ ಹೋದರೆ, ಜೋತಾಡುವ ಉಸ್ನಿಯಾ ಕಣ್ಣಿಗೆ ಬಿದ್ದರೆ, ಆ ಮರದ ಬಳಿ ಐದು ನಿಮಿಷ ನಿಂತು ಬರೆದುಕೊಳ್ಳಿ.

ನಮಸ್ಕಾರ.